450 ಮಿಲಿಮೀಟರ್ ಮಣ್ಣು ಮತ್ತು ಹದಿನೇಳನೇ ನಂಬರಿನ ಹುಣಸೆ

ಮೊನ್ನೆ ಮಂಗಳವಾರ ಮಧ್ಯಾಹ್ನ ವಾಟ್ಸಾಪ್‌ಗೆ ಒಂದು ಫೋಟೋ ಬಂತು. ನಾನು ಲ್ಯಾಂಡ್‌ಸ್ಕೇಪ್, ಅಂದರೆ ಸುತ್ತಲಿನ ಮರ, ತೋಟ, ನೆಲದ ವಿನ್ಯಾಸ, ಮಾಡಿದ ಕಟ್ಟಡದ ಪೂರ್ಣತಾ ಪ್ರಮಾಣಪತ್ರ. ಕಳಿಸಿದ್ದು ಆರ್ಕಿಟೆಕ್ಟ್. ಕೆಳಗೆ ಮರಾಠಿಯಲ್ಲಿ ಒಂದೇ ಮಾತು, ಆಯಿತು ಅಂತ: "ಝಾಲಂ." 2022ರ ಆಗಸ್ಟ್‌ನಲ್ಲಿ ಶುರುವಾದದ್ದು 2025ರ ನವೆಂಬರ್‌ಗೆ ಮುಗೀತು. ನಾನು ಆಗ ಪುಣೆಯ ಕರ್ವೇನಗರದ ತರಕಾರಿ ಗಾಡಿ ಮುಂದೆ ಮೆಂತ್ಯ ಆರಿಸುತ್ತಿದ್ದೆ. ಸೊಪ್ಪು ಅಲ್ಲೇ ಇಟ್ಟು ಪಕ್ಕದ ಅಂಗಡಿ ಮೆಟ್ಟಿಲ ಮೇಲೆ ಐದು ನಿಮಿಷ ಸುಮ್ಮನೆ ಕೂತೆ.

ಇದನ್ನೆಲ್ಲ ಬರೆದಿಡಬೇಕು ಅನ್ನಿಸಿದ್ದು ಇಲ್ಲಿನ ಕನ್ನಡ ಸಂಘದ ಒಂದು ಕಾರ್ಯಕ್ರಮದಲ್ಲಿ. ಬೆಳಗಾವಿ ಕಡೆಯ ಇಬ್ಬರು ಹುಡುಗಿಯರು, ಆರ್ಕಿಟೆಕ್ಚರ್ ಮುಗಿಸಿ ಪುಣೆಯಲ್ಲಿ ಲ್ಯಾಂಡ್‌ಸ್ಕೇಪ್ ಎಂ.ಆರ್ಕ್ ಮಾಡುತ್ತಿರುವವರು, ಊಟದ ಸಾಲಿನಲ್ಲಿ ಹಿಡಿದುಕೊಂಡರು. "ಸ್ವಂತ ಪ್ರಾಕ್ಟೀಸ್ ಹೆಂಗ ಶುರು ಮಾಡೂದ್ರಿ? ಆರ್ಕಿಟೆಕ್ಟ್‌ಗಳು ನಮ್ಮ ಮಾತು ಕೇಳ್ತಾರೇನ್ರಿ?" ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಆವತ್ತು ನೆಟ್ಟಗಿನ ಉತ್ತರ ಇರಲಿಲ್ಲ. ಕೇಳುತ್ತಾರೆ, ಆದರೆ ಯಾವಾಗ ಹೇಳುತ್ತೀ ಅನ್ನುವುದರ ಮೇಲಿದೆ. ಆ "ಯಾವಾಗ" ಅನ್ನೋದೇ ಈ ಇಡೀ ಕಥೆ.

ನಾನು ಧಾರವಾಡದವಳು. ಹುಬ್ಬಳ್ಳಿಯಲ್ಲಿ ಬಿ.ಆರ್ಕ್, ಆಮೇಲೆ ಪುಣೆಯಲ್ಲಿ ಎರಡು ವರ್ಷದ ಲ್ಯಾಂಡ್‌ಸ್ಕೇಪ್ ಎಂ.ಆರ್ಕ್, ಒಂದು ಕಚೇರಿಯಲ್ಲಿ ಆರು ವರ್ಷ ನೌಕರಿ. ಬಿಟ್ಟು ಸ್ವಂತ ಬೋರ್ಡ್ ಹಾಕಿದಾಗ ಕೈಯಲ್ಲಿದ್ದದ್ದು ಒಂದು ಲ್ಯಾಪ್‌ಟಾಪ್, ಒಂದು ಆಕ್ಟಿವಾ ಮತ್ತು ಎರಡು ಟೆರೇಸ್ ಗಾರ್ಡನ್. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಬಹಳ ಜನ ಕೇಳುತ್ತಾರೆ. ನಮ್ಮ ದೇಶದಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಅನ್ನುವುದಕ್ಕೆ ಪ್ರತ್ಯೇಕ ಕಾನೂನುಬದ್ಧ ನೋಂದಣಿ ಇಲ್ಲ. 1972ರ ಆರ್ಕಿಟೆಕ್ಟ್ಸ್ ಆ್ಯಕ್ಟ್ ಕಾಯುವುದು "ಆರ್ಕಿಟೆಕ್ಟ್" ಅನ್ನುವ ಹೆಸರನ್ನು. ನನಗೆ ಬಿ.ಆರ್ಕ್ ಇದ್ದದ್ದರಿಂದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಂಬರ್ ಇದೆ. ಬಾಟನಿಯೋ ತೋಟಗಾರಿಕೆಯೋ ಓದಿ ಬಂದವರು ಲೆಟರ್‌ಹೆಡ್ ಮಾಡಿಸುವ ಮುಂಚೆ ಈ ಹೆಸರಿನ ವಿಚಾರ ನೋಡಿಕೊಳ್ಳಿ, ಡಿಸೈನರ್ ಅಂತ ಹಾಕಿಕೊಳ್ಳುವುದು ಕ್ಷೇಮ. ಇಸೋಲಾ ಅಂತ ವೃತ್ತಿಪರರ ಸಂಘ ಇದೆ, ಸದಸ್ಯತ್ವ ತಗೊಳ್ಳಿ, ಪರಿಚಯಗಳಿಗೆ ಒಳ್ಳೆಯದು. ಆದರೆ ಬಿಲ್ ಪಾಸಾಗುವುದು ಸದಸ್ಯತ್ವದಿಂದ ಅಲ್ಲ.

ಗಣಪತಿ ಹಬ್ಬಕ್ಕೆ ವಾರ ಇದ್ದಾಗ ಆರ್ಕಿಟೆಕ್ಟ್ ಫೋನ್ ಮಾಡಿದರು. ಅರವತ್ತು ದಾಟಿದ ಮನುಷ್ಯ, ನಾನು ನೌಕರಿಯಲ್ಲಿದ್ದಾಗ ಎರಡು ಸಲ ಭೇಟಿಯಾಗಿದ್ದೆ. ಪಶ್ಚಿಮ ಪುಣೆಯಲ್ಲಿ ಒಂದೂವರೆ ಎಕರೆ ಪ್ಲಾಟ್, ಎರಡು ಟವರ್, ನಡುವೆ ಪೋಡಿಯಂ, ಅಂದರೆ ಪಾರ್ಕಿಂಗಿನ ಮೇಲಿನ ಸ್ಲ್ಯಾಬಿನ ಅಂಗಳ. "ನಕ್ಷೆ ಎಲ್ಲ ಆಗಿದೆ, ಮೇಲೆ ಸ್ವಲ್ಪ ಹಸಿರು ಬೇಕು" ಅಂದರು ಮರಾಠಿಯಲ್ಲಿ. ಸಾರಿನ ಮೇಲೆ ಕೊತ್ತಂಬರಿ ಉದುರಿಸಿ ಅಂದ ಹಾಗೆ. ನಾನು ಖುಷಿಯಲ್ಲಿ ಆ ವಾಕ್ಯದ ಮೊದಲರ್ಧ ಕೇಳಿಸಿಕೊಳ್ಳಲೇ ಇಲ್ಲ.

ಫೀ ಮಾತು. ಚದರಡಿಗೆ 14 ರೂಪಾಯಿ, ಲ್ಯಾಂಡ್‌ಸ್ಕೇಪ್ ಕ್ಷೇತ್ರ 38,000 ಚದರಡಿ, ಒಟ್ಟು 5,32,000. ಬಿಲ್ಡರ್ 10 ಅಂದರು, ನಾನು 16ರಿಂದ ಇಳಿದೆ. ಕಂತುಗಳು ಹೀಗೆ: ಸಹಿಗೆ ಶೇ. 10, ಪರಿಕಲ್ಪನೆಗೆ 15, ವಿವರ ನಕ್ಷೆ ಮತ್ತು ಟೆಂಡರಿಗೆ 30, ಸೈಟ್ ಕೆಲಸಕ್ಕೆ 40, ಕಡೆಯ 5 ಒಂದು ಮಳೆಗಾಲ ದಾಟಿದ ಮೇಲೆ. ಮೊದಲ ಕಂತು 53,200. ಖಾತೆಗೆ ಬಂದದ್ದು 47,880, ಶೇ. 10 ಟಿಡಿಎಸ್ ಕಡಿತ, ಅಂದರೆ ಹಣ ಕೊಡುವವರೇ ಮೊದಲು ಹಿಡಿಯುವ ಆದಾಯ ತೆರಿಗೆ. ರಿಟರ್ನ್ ತುಂಬಿದರೆ ಲೆಕ್ಕಕ್ಕೆ ಬರುತ್ತದೆ, ಗಾಬರಿಯಾಗಬೇಡಿ, ನಾನು ಗಾಬರಿಯಾಗಿ ಆರ್ಕಿಟೆಕ್ಟ್ ಕಚೇರಿಗೇ ಫೋನ್ ಮಾಡಿ ನಗೆಪಾಟಲಾದೆ. ವರ್ಷದ ಆದಾಯ 20 ಲಕ್ಷದ ಒಳಗೆ ಇದ್ದದ್ದರಿಂದ ಜಿಎಸ್‌ಟಿ ಗೋಜಿಗೆ ಹೋಗಲಿಲ್ಲ. ಮಾಡಿದ ನಿಜವಾದ ತಪ್ಪು ಬೇರೆ: ಸೈಟ್ ಭೇಟಿ ಎಷ್ಟು ಅಂತ ಬರೆಯಲಿಲ್ಲ. "ಅಗತ್ಯವಿದ್ದಂತೆ" ಅಂತ ಬರೆದೆ. ಡೈರಿ ತೆಗೆದು ಎಣಿಸಿದರೆ 71 ಸಲ ಹೋಗಿದ್ದೇನೆ. ಇಪ್ಪತ್ತನಾಲ್ಕು ಅಂತ ಬರೆದು, ಅದಕ್ಕೆ ಮೇಲ್ಪಟ್ಟರೆ ಭೇಟಿಗೆ ಇಂತಿಷ್ಟು ಅಂತ ಹಾಕಿದ್ದರೆ ಇವತ್ತು ಆಕ್ಟಿವಾದ ಟೈರಾದರೂ ಬದಲಾಗಿರುತ್ತಿತ್ತು.

ಸೈಟಿಗೆ ಮೊದಲ ಸಲ ಹೋದದ್ದು ಸೆಪ್ಟೆಂಬರ್‌ನಲ್ಲಿ. ಗೇಟ್ ಕಾಯುತ್ತಿದ್ದ ಅಜ್ಜ ನನ್ನ ಫೋನ್ ಮಾತು ಕೇಳಿ, "ಅಕ್ಕಾ ನಮ್ಮ ಕಡೀವ್ರೇನು?" ಅಂದ. ಅಫಜಲಪುರ ಕಡೆಯವ. ಪುಣೆಯಲ್ಲಿ ಇದು ಆಶ್ಚರ್ಯವಲ್ಲ. ಇಲ್ಲಿನ ಅರ್ಧ ಸೈಟುಗಳಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿಯ ಮಾತು ಕೇಳುತ್ತದೆ, ಮುಕಾದಮನಿಂದ ಹಿಡಿದು ತೊಟ್ಟಿಲಿನ ಕೂಸಿನ ತನಕ. ಇಂಜಿನಿಯರ್‌ಗಳ ಜೊತೆ ಮರಾಠಿ, ಕನ್ಸಲ್ಟಂಟ್‌ಗಳ ಜೊತೆ ಇಂಗ್ಲಿಷ್. ಆದರೆ ಸೈಟಿನಲ್ಲಿ ನಿಜಕ್ಕೂ ಏನು ನಡೆಯುತ್ತಿದೆ ಅಂತ ನನಗೆ ಮೂರು ವರ್ಷ ತಿಳಿದದ್ದು ಕನ್ನಡದಲ್ಲಿ.

ಅಜ್ಜ ನೇರವಾಗಿ ಪ್ಲಾಟಿನ ನೈಋತ್ಯ ಮೂಲೆಗೆ ಕರಕೊಂಡು ಹೋದ. ಅಲ್ಲೊಂದು ಹುಣಸೆ. ಕೊಂಬೆಗೆ ಹಳೆ ಸೀರೆಯ ಜೋಳಿಗೆ, ಜೋಳಿಗೆಯಲ್ಲಿ ಕೂಸು, ಬುಡದಲ್ಲಿ ಬುತ್ತಿ ಗಂಟುಗಳು. ನನ್ನ ಕೈಯಲ್ಲಿದ್ದ ಸರ್ವೆ ನಕ್ಷೆಯಲ್ಲಿ ಒಟ್ಟು 33 ಚಿಕ್ಕ ವೃತ್ತ, ಎಲ್ಲಕ್ಕೂ ಒಂದೇ ಗಾತ್ರ, ಒಂದೇ ಹೆಸರು: "ಟ್ರೀ". ಹುಣಸೆಯ ವೃತ್ತದ ಮೇಲೆ ನೆಲಮಾಳಿಗೆಗೆ ಇಳಿಯುವ ರ‍್ಯಾಂಪಿನ ಗೆರೆ ಸರಿಯಾಗಿ ನಡುವೆ ಹಾದುಹೋಗಿತ್ತು.

ಅಜ್ಜ ಟೇಪಿನ ಒಂದು ತುದಿ ಹಿಡಿದ, ನಾನು ಇನ್ನೊಂದು ತುದಿ ಹಿಡಿದು ಸುತ್ತು ಹಾಕಿದೆ. ಎದೆಯೆತ್ತರದಲ್ಲಿ ಸುತ್ತಳತೆ 2.6 ಮೀಟರ್. ಸಿಪ್ಪೆಯ ಬಿರುಕಿನಲ್ಲಿ ಕೈ ಇಟ್ಟರೆ ಬೆರಳು ಮುಚ್ಚುತ್ತಿತ್ತು. ಆವತ್ತು ಮತ್ತು ಮರುದಿನ ಕೂತು ಎಲ್ಲ ಮರ ಅಳೆದೆವು. ಸರ್ವೆಯಲ್ಲಿ 33, ನೆಲದ ಮೇಲೆ 41. ಸುಬಾಬುಲ್ 19, ಗ್ಲಿರಿಸಿಡಿಯಾ 11, ಬೇವು 7, ಅತ್ತಿ ಎರಡು, ಹೊಂಗೆ ಒಂದು, ಹುಣಸೆ ಒಂದು. ಪ್ರತಿಯೊಂದಕ್ಕೂ ಸುಣ್ಣದಲ್ಲಿ ನಂಬರ್ ಬರೆದೆವು. ಹುಣಸೆಯದು 17. ಮೊಳೆ ಹೊಡೆದು ತಗಡಿನ ಬಿಲ್ಲೆ ಹಾಕಬೇಡಿ, ದಯವಿಟ್ಟು.

ಮಹಾರಾಷ್ಟ್ರದಲ್ಲಿ ನಗರದೊಳಗಿನ ಮರಗಳಿಗೆ 1975ರ ವೃಕ್ಷ ಸಂರಕ್ಷಣೆಯ ಕಾಯ್ದೆ ಇದೆ, 2021ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ನಮ್ಮ ಕೆಲಸಕ್ಕೆ ಮುಖ್ಯವಾದದ್ದು ಎರಡು ಮಾತು. ಐವತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ವಯಸ್ಸಿನ ಮರ ಪಾರಂಪರಿಕ ಮರ. ಇನ್ನೊಂದು, ಒಂದು ಮರ ಕಡಿದರೆ ಅದರ ವಯಸ್ಸು ಎಷ್ಟೋ ಅಷ್ಟು ಸಸಿ ನೆಡಬೇಕು, ಅದೂ ಆರೆಂಟು ಅಡಿ ಎತ್ತರದವು. ಹತ್ತು ವರ್ಷದ ಸುಬಾಬುಲ್ಲಿಗೆ ಹತ್ತು, ಮೂವತ್ತರ ಬೇವಿಗೆ ಮೂವತ್ತು. ವಯಸ್ಸನ್ನು ಅಂದಾಜು ಮಾಡುವುದು ಸುತ್ತಳತೆ ಮತ್ತು ಆ ಜಾತಿ ಬೆಳೆಯುವ ವೇಗ ನೋಡಿ. ಹಾಗಾಗಿ ಟೇಪ್ ಹಿಡಿಯುವಾಗ ಒಂದಂಗುಲ ಆಚೀಚೆ ಆದರೆ ಲೆಕ್ಕ ಬದಲಾಗುತ್ತದೆ.

ಹುಣಸೆಯ ಮಾತನ್ನು ಮೀಟಿಂಗಿನಲ್ಲಿ ಎತ್ತಿದ ದಿನ ನನಗೆ ಜ್ವರ ಬಂದ ಹಾಗಿತ್ತು. ಬಿಲ್ಡರ್, ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಕನ್ಸಲ್ಟಂಟ್, ಪ್ಲಂಬಿಂಗ್, ಎಲೆಕ್ಟ್ರಿಕಲ್. ಎಲ್ಲರೂ ಗಂಡಸರು, ಎಲ್ಲರೂ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನನ್ನನ್ನು ಪರಿಚಯಿಸಿದ್ದು "ಗಾರ್ಡನ್ ಮ್ಯಾಡಂ" ಅಂತ. ನಾನು ಫೋಟೋ ತೋರಿಸಿ, ಇದು ಐವತ್ತು ದಾಟಿದೆ, ರ‍್ಯಾಂಪ್ ಸರಿಸಬೇಕು ಅಂದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಬಿಲ್ಡರ್ ಕೇಳಿದ್ದು: "ನಲವತ್ತೈದು ಅಂತ ಬರೆಯೋಕಾಗಲ್ವಾ?"

ನಾನು ಬರೆಯಲ್ಲ ಅಂದೆ. ಧೈರ್ಯದಿಂದಲ್ಲ, ಸಹಿ ನನ್ನದಾಗಿತ್ತು ಅಂತ. ಆರ್ಕಿಟೆಕ್ಟ್ ಏನೂ ಹೇಳಲಿಲ್ಲ. ಸಂಜೆ ಫೋನ್ ಮಾಡಿ ಒಂದು ಗಂಟೆ ಬೈದರು, ಮರ ಉಳಿಸಿದ್ದಕ್ಕಲ್ಲ, ಅವರಿಗೆ ಮೊದಲು ಹೇಳದೆ ಬಿಲ್ಡರ್ ಮುಂದೆ ಹೇಳಿದ್ದಕ್ಕೆ. ಅದು ಸರಿಯಾದ ಬೈಗುಳ. ಆರ್ಕಿಟೆಕ್ಟ್ ಜೊತೆ ಕೆಲಸ ಮಾಡುವವರು ಇದೊಂದನ್ನು ನೆನಪಿಟ್ಟುಕೊಳ್ಳಿ: ಅವರ ನಕ್ಷೆಯ ತಪ್ಪು ಮೊದಲು ಅವರ ಟೇಬಲ್ಲಿನ ಮೇಲೆ ಬರಬೇಕು, ಕ್ಲೈಂಟ್‌ನ ಟೇಬಲ್ಲಿಗೆ ಆಮೇಲೆ. ಮೂರು ವಾರ ಹಿಡಿದು ಅವರೇ ರ‍್ಯಾಂಪನ್ನು ಉತ್ತರಕ್ಕೆ ತಿರುಗಿಸಿದರು. ನೆಲಮಾಳಿಗೆ ಅಗೆಯುವ ಗೆರೆ ಬುಡದಿಂದ ಆರು ಮೀಟರ್ ಆಚೆ ಹೋಯಿತು. ನಾಲ್ಕು ಕಾರ್ ಪಾರ್ಕಿಂಗ್ ಕಳೆದುಹೋಯಿತು. ಬಿಲ್ಡರ್ ಎರಡು ತಿಂಗಳು ನನ್ನ ಜೊತೆ ನೇರ ಮಾತಾಡಲಿಲ್ಲ. ಎರಡನೇ ಕಂತು ಆ ಮೌನದಲ್ಲೇ ಸಿಕ್ಕಿಹಾಕಿಕೊಂಡಿತ್ತು.

ಉಳಿದವುಗಳಲ್ಲಿ ಮರ ಕಡಿಯುವ ಅನುಮತಿಗೆ ಅರ್ಜಿ ಹಾಕಿದ್ದು 2023ರ ಜನವರಿಯಲ್ಲಿ. ಗಿಡ ನೆಡುವ ಕೆಲಸ ಅಂತ ಬಂದವಳು ವೃತ್ತಿಯಲ್ಲಿ ಮೊದಲು ಸಹಿ ಮಾಡಿದ್ದು ಕಡಿಯುವ ಪಟ್ಟಿಗೆ. 26 ಮರ. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಇದನ್ನು ಹೇಳಲಿಲ್ಲ.

ಬೇಕಾದ ಕಾಗದಗಳು: ಸಾತ್‌ಬಾರಾ ಉತಾರ, ಅಂದರೆ ನಮ್ಮ ಪಹಣಿ ಇದ್ದ ಹಾಗೆ. ಮಂಜೂರಾದ ನಕ್ಷೆಯ ಪ್ರತಿ. ಮರಗಳ ಜಾಗ ತೋರಿಸುವ ನಕ್ಷೆ, ಅದರಲ್ಲಿ ಕಡಿಯುವವು, ಉಳಿಯುವವು, ಸ್ಥಳಾಂತರ ಆಗುವವು ಬೇರೆ ಬೇರೆ ಬಣ್ಣದಲ್ಲಿ. ಪ್ರತಿ ಮರದ ನಂಬರು ಕಾಣುವ ಫೋಟೋ. ಜಾತಿ, ಸುತ್ತಳತೆ, ಎತ್ತರ, ವಯಸ್ಸಿನ ಕೋಷ್ಟಕ. ಬದಲಿ ಸಸಿ ನೆಡುವುದಾಗಿ ಮಾಲೀಕರ ಮುಚ್ಚಳಿಕೆ. ನಮ್ಮ ಅರ್ಜಿ ಒಂದು ಸಲ ವಾಪಸ್ ಬಂತು, ತಪ್ಪು ನನ್ನದೇ. ಕೋಷ್ಟಕದಲ್ಲಿ 41, ಹಳೆಯ ಸರ್ವೆ ನಕ್ಷೆಯಲ್ಲಿ 33. ಸರ್ವೆಯವನನ್ನು ಹಿಡಿದು ಹೊಸ ನಕ್ಷೆ ಮಾಡಿಸುವುದಕ್ಕೆ ಐದು ವಾರ ಹೋಯಿತು. ಇನ್ನೊಂದು, ಹೆಸರುಗಳು. ನಾವು ಹೊಂಗೆ ಅನ್ನುವುದು ಇಲ್ಲಿ ಕರಂಜ, ಅತ್ತಿ ಉಂಬರ, ಹುಣಸೆ ಚಿಂಚ. ಮರಾಠಿ ಹೆಸರನ್ನೂ ಸಸ್ಯಶಾಸ್ತ್ರದ ಹೆಸರನ್ನೂ ಎರಡೂ ಬರೆಯಿರಿ.

ಆಮೇಲೆ ಸಾರ್ವಜನಿಕ ಸೂಚನೆ. ಪತ್ರಿಕೆಯಲ್ಲಿ ಬರುತ್ತದೆ, ಮರದ ಮೇಲೂ ಅಂಟಿಸುತ್ತಾರೆ. ಪಕ್ಕದ ಸೊಸೈಟಿಯ ನಿವೃತ್ತ ಪ್ರಾಧ್ಯಾಪಕಿಯೊಬ್ಬರು ಏಳು ಬೇವಿನ ಬಗ್ಗೆ ಆಕ್ಷೇಪಣೆ ಹಾಕಿದರು. ಬಿಲ್ಡರ್ ಕಡೆಯವರು ಅವರನ್ನು "ಆಂದೋಲನದವರು" ಅಂತ ಕರೆದರು. ನಾನು ಅವರ ಮನೆಗೆ ಹೋಗಿ ಚಹಾ ಕುಡಿದು ಬಂದೆ. ಅವರ ಅಡುಗೆಮನೆ ಕಿಟಕಿ ಬೇವಿನ ಕಡೆಗಿತ್ತು, ಅಷ್ಟೇ ವಿಷಯ. ನಕ್ಷೆ ಹರಡಿ ನೋಡಿದಾಗ ಗಡಿಯ ಗೋಡೆಗೆ ಹತ್ತಿದ ನಾಲ್ಕು ಬೇವು ನಿಜವಾಗಿ ಯಾವುದಕ್ಕೂ ಅಡ್ಡ ಇರಲಿಲ್ಲ. ಅಲ್ಲಿ ಟ್ರಾನ್ಸ್‌ಫಾರ್ಮರ್ ಅಂತ ಹಿಂದೊಮ್ಮೆ ಇತ್ತು, ಅದನ್ನು ಆಗಲೇ ಬೇರೆ ಕಡೆ ಒಯ್ದಿದ್ದರು, ನನ್ನ ಹತ್ತಿರ ಇದ್ದದ್ದು ಹಳೆಯ ಆವೃತ್ತಿ. ನಾಲ್ಕು ಉಳಿದವು. 26 ಹೋಗಿ 22 ಆಯಿತು. ಆರ್ಕಿಟೆಕ್ಟ್ ಕಚೇರಿಯಿಂದ ನಕ್ಷೆ ಬಂದಾಗಲೆಲ್ಲ ಆವೃತ್ತಿಯ ನಂಬರು ನೋಡುವ ಚಟ ನನಗೆ ಹತ್ತಿದ್ದು ಆವತ್ತಿನಿಂದ.

ಅನುಮತಿ ಜುಲೈನಲ್ಲಿ ಕೈಗೆ ಬಂತು.

ಈಗ ಮಣ್ಣಿನ ಕಥೆ. ಬ್ರೋಶರ್ ಅಷ್ಟರಲ್ಲಿ ಅಚ್ಚಾಗಿತ್ತು. ಪೋಡಿಯಂ ಮೇಲೆ ಮಾವಿನ ತೋಪಿನ ಹಾಗೆ ಮರಗಳು, ಕೆಳಗೆ ಬೆಂಚು, ಬೆಂಚಿನ ಮೇಲೆ ಅಜ್ಜ ಮೊಮ್ಮಗಳು. ಸ್ಟ್ರಕ್ಚರಲ್ ನಕ್ಷೆ ತೆಗೆದು ನೋಡಿದರೆ ಪೋಡಿಯಂ ಸ್ಲ್ಯಾಬಿನ ಮೇಲೆ ಮಣ್ಣಿಗೆ ಬಿಟ್ಟದ್ದು 450 ಮಿಲಿಮೀಟರ್, ಒಂದೂವರೆ ಅಡಿ. ಅದರಲ್ಲಿ ಕ್ರೋಟನ್ ಬೆಳೆಯುತ್ತದೆ, ದಾಸವಾಳ ಬೆಳೆಯುತ್ತದೆ. ಬ್ರೋಶರಿನ ಅಜ್ಜನಿಗೆ ನೆರಳು ಕೊಡುವ ಮರ ಬೆಳೆಯಲ್ಲ.

ಒದ್ದೆ ಮಣ್ಣು ಒಂದು ಘನ ಮೀಟರಿಗೆ ಹತ್ತಿರ ಹತ್ತಿರ 1.8 ಟನ್. 450 ಮಿಲಿಮೀಟರ್ ಅಂದರೆ ಚದರ ಮೀಟರಿಗೆ 0.8 ಟನ್. ನಾನು ಕೇಳಿದ್ದು 1.2 ಮೀಟರ್, ಅಂದರೆ 2.1 ಟನ್ನಿನ ಮೇಲೆ. ಸ್ಟ್ರಕ್ಚರಲ್ ಕನ್ಸಲ್ಟಂಟ್ ಕನ್ನಡಕ ತೆಗೆದು ಒರೆಸಿಕೊಂಡು, "ನೀವು ತೋಟ ಮಾಡ್ತೀರೋ ಡ್ಯಾಮ್ ಕಟ್ತೀರೋ?" ಅಂದರು. ಪಾಯ ಆಗಲೇ ಹಾಕಿಯಾಗಿತ್ತು. ಕಂಬಗಳ ಗಾತ್ರ ನಿಗದಿಯಾಗಿತ್ತು. "ನಕ್ಷೆ ಎಲ್ಲ ಆಗಿದೆ" ಅನ್ನುವ ವಾಕ್ಯದ ಮೊದಲರ್ಧ ಈಗ ಕೇಳಿಸಿತು.

ಆದರೆ ಆ ಮನುಷ್ಯ ಒಳ್ಳೆಯ ಇಂಜಿನಿಯರ್. ಬೈಯುವುದು ಮುಗಿದ ಮೇಲೆ ಪೆನ್ಸಿಲ್ ತಗೊಂಡರು. ಭಾರ ನೇರವಾಗಿ ಕಂಬದ ತಲೆಯ ಮೇಲೆ ಕೂತರೆ ಸ್ಲ್ಯಾಬ್ ನಡುವಿನಷ್ಟು ಕಷ್ಟ ಇಲ್ಲ. ಕಂಬಗಳ ನಕ್ಷೆಯನ್ನು ನನ್ನ ನಕ್ಷೆಯ ಕೆಳಗೆ ಇಟ್ಟು ನೋಡಿದೆವು. ನಾನು ಹಾಕಿದ 19 ಮರಗಳಲ್ಲಿ ಒಂದೂ ಕಂಬದ ಮೇಲೆ ಇರಲಿಲ್ಲ. ಎಲ್ಲ ಅಳಿಸಿ ಶುರು ಮಾಡಿದೆ. ಒಂಬತ್ತು ಕಂಬಗಳ ಮೇಲೆ ಒಂಬತ್ತು ಮರ, ಅಲ್ಲಿ ಮಾತ್ರ ಕಾಂಕ್ರೀಟಿನ ತೊಟ್ಟಿ ಎಬ್ಬಿಸಿ 1.2 ಮೀಟರ್ ಮಣ್ಣು. ಪೊದೆಗಳಿಗೆ 450, ಹುಲ್ಲಿಗೆ 300. ನಡುವೆ ದಿಬ್ಬದ ಹಾಗೆ ಕಾಣುವಲ್ಲಿ ಕೆಳಗೆ ಥರ್ಮಾಕೋಲ್ ಬ್ಲಾಕ್, ಮೇಲೆ ಮಾತ್ರ ಮಣ್ಣು. ಮಣ್ಣೂ ಬರೀ ಮಣ್ಣಲ್ಲ, ಕೆಂಪು ಮಣ್ಣಿಗೆ ತೆಂಗಿನ ನಾರಿನ ಪುಡಿ, ಪರ್ಲೈಟ್, ಗೊಬ್ಬರ ಸೇರಿಸಿ ಹಗುರ ಮಾಡಿದ್ದು. ಮರಗಳು ಕಂಬದ ಸಾಲಿನಲ್ಲಿ ಬಂದದ್ದರಿಂದ ವಿನ್ಯಾಸ ಸ್ವಲ್ಪ ಶಿಸ್ತಿನ ಸಿಪಾಯಿಯ ಹಾಗಾಯಿತು. ನನಗೆ ಇಷ್ಟವಾಗಿಲ್ಲ, ಇವತ್ತಿಗೂ.

ಅಗ್ನಿಶಾಮಕ ದಾರಿ ಇನ್ನೊಂದು ಪಾಠ. ಕಟ್ಟಡದ ಸುತ್ತ ಆರು ಮೀಟರ್ ಅಗಲ, 45 ಟನ್ ತೂಕದ ವಾಹನ ತಾಳುವ ನೆಲ. ಅದರ ಮೇಲೆ ಮರ ಇಲ್ಲ, ಬೆಂಚ್ ಇಲ್ಲ, ಕೊಂಬೆ ಬಾಗುವಂತಿಲ್ಲ. ಇದನ್ನು ಮೊದಲ ದಿನವೇ ಕೆಂಪು ಬಣ್ಣದಲ್ಲಿ ಗುರುತು ಹಾಕಿ, ಉಳಿದದ್ದಷ್ಟೇ ನಿಮ್ಮ ಜಾಗ ಅಂತ ತಿಳಿದುಕೊಳ್ಳಿ. ಉಳಿದದ್ದರಲ್ಲೂ ಡೀಸೆಲ್ ಜನರೇಟರ್, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಯ ಗಾಳಿಕೊಳವೆ, ಟ್ಯಾಂಕಿನ ಮುಚ್ಚಳ, ಚರಂಡಿ ಚೇಂಬರುಗಳು ಒಂದೊಂದಾಗಿ ಬಂದು ಕೂರುತ್ತವೆ, ಮದುವೆ ಮನೆಗೆ ಕರೆಯದೆ ಬಂದ ನೆಂಟರ ಹಾಗೆ. ಚೇಂಬರಿನ ಚೌಕಟ್ಟನ್ನು ಕಲ್ಲುಹಾಸಿನ ಸಾಲಿಗೆ ಸಮವಾಗಿ ತಿರುಗಿಸಿ ಕೂರಿಸಿ ಅಂತ ನಾನು ಪ್ಲಂಬರ್ ಜೊತೆ ಮಾಡಿದ ಜಗಳ ಸೈಟಿನಲ್ಲಿ ಗಾದೆಯಾಗಿದೆಯಂತೆ. ಹನ್ನೆರಡರಲ್ಲಿ ಎಂಟು ನೆಟ್ಟಗಿವೆ.

ಕಟ್ಟಡ ಏಳುತ್ತಿದ್ದ ವರ್ಷದಲ್ಲಿ ನನಗೆ ಕೆಲಸ ಕಡಿಮೆ, ಚಿಂತೆ ಹೆಚ್ಚು. ಹುಣಸೆಯನ್ನು ಕಾಗದದ ಮೇಲೆ ಉಳಿಸಿದ್ದಾಯಿತು, ನೆಲದ ಮೇಲೆ ಅದರ ಬುಡದಲ್ಲಿ ಕಾಂಕ್ರೀಟ್ ಮಿಕ್ಸರ್ ತೊಳೆಯುತ್ತಿದ್ದರು. ಸಿಮೆಂಟ್ ನೀರು ಇಳಿದು, ಲಾರಿ ಓಡಾಡಿ ನೆಲ ಗಟ್ಟಿಯಾದರೆ ಬೇರಿಗೆ ಗಾಳಿ ಹೋಗಲ್ಲ. ಮರ ಅವತ್ತೇ ಸಾಯಲ್ಲ, ಎರಡು ಮೂರು ವರ್ಷ ಬಿಟ್ಟು ಸಾಯುತ್ತದೆ, ಆಗ ಯಾರೂ ಹೊಣೆಗಾರರಲ್ಲ. ಬೇಲಿ ಹಾಕಿ ಅಂತ ನಾಲ್ಕು ಈಮೇಲ್. ಟೆಂಡರಿನಲ್ಲಿ ಆ ಸಾಲು ಇಲ್ಲ ಅಂತ ಉತ್ತರ. ನಿಜ, ನಾನು ಬರೆದಿರಲಿಲ್ಲ. ಕೊನೆಗೆ ನಾನೇ 6,400 ರೂಪಾಯಿ ಕೊಟ್ಟು ಬಿದಿರು, ಹಸಿರು ಬಲೆ ತರಿಸಿ ಕೊಂಬೆಯ ಅಂಚಿನ ತನಕ ಬೇಲಿ ಹಾಕಿಸಿದೆ. ಅಜ್ಜ ಒಂದು ಷರತ್ತು ಹಾಕಿದ: "ಕೂಸಿನ ಜೋಳಿಗಿ ಒಳಗ ಇರ್ಲಿ." ಇರಲಿ ಅಂದೆ. ಜೋಳಿಗೆ ಇದ್ದದ್ದರಿಂದಲೇ ಆ ಬೇಲಿಯನ್ನು ಯಾರೂ ಮುರಿಯಲಿಲ್ಲ ಅನ್ನುವುದು ನನ್ನ ನಂಬಿಕೆ.

2025ರ ಫೆಬ್ರವರಿಗೆ ಪೋಡಿಯಂ ನನ್ನ ಕೈಗೆ ಬಂತು. ವಾಟರ್‌ಪ್ರೂಫಿಂಗ್ ಮೇಲೆ ನೀರು ನಿಲ್ಲಿಸಿ ಪರೀಕ್ಷೆ ಮಾಡಿದ್ದನ್ನು ನಿಮ್ಮ ಕಣ್ಣಿಂದ ನೋಡಿ, ಸಹಿ ಹಾಕಿಸಿ, ತಾರೀಖಿನ ಜೊತೆ ಫೋಟೋ ಇಟ್ಟುಕೊಳ್ಳಿ. ಮಣ್ಣು ಬಿದ್ದ ಮೇಲೆ ಕೆಳಗೆ ಎಲ್ಲಿ ಹನಿ ಬಿದ್ದರೂ "ಗಾರ್ಡನ್‌ನಿಂದ" ಅಂತಾರೆ. ನಮ್ಮಲ್ಲೂ ಒಂದು ಕಡೆ ಸೋರಿತು. ಆ ಫೋಟೋ ಇದ್ದದ್ದರಿಂದ ಹುಡುಕಾಟ ಮುಂದುವರಿದು, ಡ್ರಿಪ್ ಪೈಪ್ ಕೂರಿಸುವವರು ಕ್ಲಿಪ್ಪಿಗಾಗಿ ಹೊಡೆದ ಎರಡು ಮೊಳೆ ಸಿಕ್ಕವು.

ಗಿಡಗಳಿಗೆ ಸೋಲಾಪುರ ರಸ್ತೆಯ ಉರುಳಿ ಕಾಂಚನ್ ನರ್ಸರಿಗಳು. ಎರಡು ದಿನ ಸುತ್ತಿ ಬಕುಳ, ಹೊಂಗೆ, ತಾಮ್ಹಣ ಆರಿಸಿದೆ. ತಾಮ್ಹಣ ಅಂದರೆ ನಮ್ಮ ಹೊಳೆದಾಸವಾಳ, ಮಹಾರಾಷ್ಟ್ರದ ರಾಜ್ಯ ಪುಷ್ಪ. ಆರಿಸಿದ ಗಿಡಕ್ಕೆ ಬಣ್ಣದ ದಾರ ಕಟ್ಟಿ ಬನ್ನಿ, ಇಲ್ಲದಿದ್ದರೆ ಬರುವುದು ಅದರ ತಮ್ಮ. ಇಷ್ಟೆಲ್ಲ ಬುದ್ಧಿ ಹೇಳುವ ನಾನು ಪಟ್ಟಿಯ ಒಂದು ಸಾಲಿನಲ್ಲಿ ಬರೀ "ಅಶೋಕ" ಅಂತ ಬರೆದುಬಿಟ್ಟಿದ್ದೆ. ನನಗೆ ಬೇಕಿದ್ದದ್ದು ಕೆಂಪು ಹೂವಿನ ನಿಜವಾದ ಅಶೋಕ, ಇಲ್ಲಿಯವರು ಸೀತಾ ಅಶೋಕ ಅನ್ನುತ್ತಾರೆ. ಬಂದದ್ದು ಕಂಬದ ಹಾಗೆ ನೆಟ್ಟಗೆ ಬೆಳೆಯುವ ಇನ್ನೊಂದು, ಹನ್ನೆರಡು. ಆರ್ಕಿಟೆಕ್ಟ್‌ಗೆ ಮಾತ್ರ ಬಹಳ ಇಷ್ಟವಾದವು. ಜಗಳಕ್ಕೆ ನನ್ನ ಹತ್ತಿರ ಕಾಗದ ಇರಲಿಲ್ಲ, ಹಾಗಾಗಿ ಅವು ಇವತ್ತು ಟ್ರಾನ್ಸ್‌ಫಾರ್ಮರ್ ಮುಂದೆ ನಿಂತಿವೆ.

ನೆಡುವುದು ಜೂನ್ ಮೊದಲ ವಾರ ಅಂತ ಲೆಕ್ಕ. ಮಣ್ಣು ಮೇ ಕೊನೆಯೊಳಗೆ ತುಂಬಿ, ಕೂತುಕೊಳ್ಳಲು ಬಿಟ್ಟು, ಮೊದಲ ಮಳೆಗೆ ಗಿಡ. ಪುಣೆಯಲ್ಲಿ ಇಷ್ಟು ವರ್ಷ ಹಾಗೇ ನಡೆದದ್ದು. 2025ರಲ್ಲಿ ಮೇ ತಿಂಗಳೆಲ್ಲ ಸುರಿದು, ಮೇ 26ಕ್ಕೆ ಮುಂಗಾರೇ ಬಂದು ಕೂತಿತು. ಆಗ ಅರ್ಧ ಪೋಡಿಯಂನಲ್ಲಿ ಮಣ್ಣು, ಉಳಿದರ್ಧದಲ್ಲಿ ಬರೀ ನೀರು ಬಸಿಯಲು ಹಾಸುವ ಡ್ರೈನ್ ಸೆಲ್ ಮತ್ತು ಮಣ್ಣು ತಡೆಯುವ ಬಟ್ಟೆ, ಬಟ್ಟೆಯ ಜೋಡಣೆ ಇನ್ನೂ ಹೊಲಿದಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಅಜ್ಜನ ಫೋನ್. ಹೋಗಿ ನೋಡಿದರೆ ಕೆಂಪು ನೀರು ಬಟ್ಟೆಯ ಸಂದಿಯಿಂದ ನುಗ್ಗಿ, ನೀರಿನ ಬಾಯಿಗಳೆಲ್ಲ ಕಟ್ಟಿ, ಮೇಲೆ ಕೆರೆ, ಕೆಳಗೆ ಪಾರ್ಕಿಂಗಿನ ಬಿಳಿ ಗೋಡೆ ತುಂಬ ಕೆಂಪು ಗೆರೆ. ಇಂಡಿ ಕಡೆಯ ಒಬ್ಬ ಹೆಣ್ಣುಮಗಳು ಬುಟ್ಟಿಯಲ್ಲಿ ಕೈ ಹಾಕಿ ಮಣ್ಣು ಎತ್ತಿ ತೋರಿಸಿದಳು: "ಅಕ್ಕಾರ, ನೋಡ್ರಿ, ಬೆಲ್ಲದ ಪಾಕ ಆಗ್ಯಾದ." ಬೆರಳ ಸಂದಿಯಿಂದ ಎಳೆ ಎಳೆಯಾಗಿ ಇಳಿಯುತ್ತಿತ್ತು. ಒದ್ದೆ ಮಣ್ಣನ್ನು ತುಳಿದರೆ ಅದರ ರಚನೆ ಹಾಳು, ತುಳಿಯದೆ ಬಾಯಿ ಬಿಡಿಸುವುದು ಹೇಗೆ? ಹಲಗೆ ಹಾಸಿ, ಹಲಗೆ ಮೇಲೆ ಮೊಣಕಾಲೂರಿ, ಆರು ಜನ ಹೆಣ್ಣುಮಕ್ಕಳು ಮತ್ತು ನಾನು ಸಂಜೆಯ ತನಕ ಹದಿನಾಲ್ಕು ಬಾಯಿ ಬಿಡಿಸಿದೆವು. ಬಿಲ್ಡರ್ ಛತ್ರಿ ಹಿಡಿದು ಬಂದು ನೋಡಿದರು. ಅವತ್ತು ಏನೂ ಅನ್ನಲಿಲ್ಲ. ಗೋಡೆಗೆ ಬಣ್ಣ ಹೊಡೆಸಿದ ಖರ್ಚು ಗುತ್ತಿಗೆದಾರನ ಬಿಲ್ಲಿನಲ್ಲಿ ಕಳೆದರು, ನನ್ನದರಲ್ಲಿ ಅಲ್ಲ. ನನಗೆ ಅದೇ ಕ್ಷಮಾಪಣೆಯ ಹಾಗೆ ಕಂಡಿತು.

ಗಿಡ ನೆಟ್ಟು ಮುಗಿದದ್ದು ಜುಲೈ ಮಧ್ಯಕ್ಕೆ. ಪೂರ್ಣತಾ ಪ್ರಮಾಣಪತ್ರಕ್ಕೆ ಮುಂಚೆ ಉದ್ಯಾನ ವಿಭಾಗದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಬೇಕು. ಉಳಿಸಿದ 19 ಮರ ಉಳಿದಿವೆಯೇ, ಹೊಸವು ಎಷ್ಟು, ಎಲ್ಲಿ ಅಂತ ಬಂದು ಎಣಿಸುತ್ತಾರೆ. ಬದಲಿ ಸಸಿಗಳ ಲೆಕ್ಕ 22 ಮರಕ್ಕೆ 187 ಬಂದಿತ್ತು. ಪ್ಲಾಟಿನಲ್ಲಿ ಹಿಡಿಸಿದ್ದು 74. ಬಾಕಿಯವನ್ನು ಬೇರೆ ಜಾಗದಲ್ಲಿ ನೆಟ್ಟು ಏಳು ವರ್ಷ ನೋಡಿಕೊಳ್ಳುವ ಹೊಣೆ ಮಾಲೀಕರದು. ಪ್ರತಿ ಸಸಿಗೂ ಜಿಯೋಟ್ಯಾಗ್ ಫೋಟೋ, ಅಂದರೆ ಜಾಗದ ಗುರುತು ಇರುವ ಫೋಟೋ, ತೆಗೆದುಕೊಳ್ಳಿ, ನೆಟ್ಟ ದಿನವೇ. ನಾನು "ಆಮೇಲೆ ತೆಗೆದರಾಯ್ತು" ಅಂತ ಬಿಟ್ಟು, ಸೆಪ್ಟೆಂಬರಿನ ಮೊಣಕಾಲುದ್ದದ ಹುಲ್ಲಿನಲ್ಲಿ ಎರಡು ದಿನ ಸಸಿ ಹುಡುಕಿದ್ದೇನೆ.

ಇನ್ನು ಬರಬೇಕಾದದ್ದು ಕಡೆಯ ಶೇ. 5, ಅಂದರೆ 26,600 ರೂಪಾಯಿ, ಮುಂದಿನ ಮಳೆಗಾಲ ದಾಟಿದ ಮೇಲೆ. ಆರ್ಕಿಟೆಕ್ಟ್ ಮೊನ್ನೆ "ಝಾಲಂ" ಆದ ಮೇಲೆ ಇನ್ನೊಂದು ಮೆಸೇಜ್ ಹಾಕಿದ್ದಾರೆ: ಮುಳಶಿ ಕಡೆ ಒಂದು ಶಾಲೆ, ಜಾಗ ನೋಡಲು ಶನಿವಾರ ಬರುತ್ತೀಯಾ ಅಂತ. ನಕ್ಷೆ ಆಗಿದೆಯಾ ಅಂತ ಕೇಳಿದೆ. ಇನ್ನೂ ಇಲ್ಲವಂತೆ.

ಇದನ್ನು ನಿನ್ನೆ ರಾತ್ರಿಯೇ ಮುಗಿಸಬೇಕಿತ್ತು. ಇವತ್ತು ಬೆಳಿಗ್ಗೆ ಅಜ್ಜ ಫೋನ್ ಮಾಡಿದ. ಅಲ್ಲಿ ಮನೆ ತೆಗೆದುಕೊಂಡವರು ಯಾರೋ ಹುಣಸೆಯ ಸುತ್ತ ಗ್ರಾನೈಟ್ ಕಟ್ಟೆ ಕಟ್ಟಿಸಲು ಹೊರಟಿದ್ದಾರಂತೆ, ಬುಡದಿಂದ ಎರಡಡಿ ಬಿಟ್ಟು, ಒಳಗೆ ಮಣ್ಣು ತುಂಬಿ, ಮೇಲೆ ಕಲ್ಲು. ಮೇಸ್ತ್ರಿ ಆಗಲೇ ಸುಣ್ಣದ ಗೆರೆ ಎಳೆಯುತ್ತಿದ್ದಾನಂತೆ. "ಹದಿನೇಳಕ್ಕ ಅಕ್ಕಾ, ಲಗೂ ಬರ್ರಿ" ಅಂದ. ಆಕ್ಟಿವಾ ತೆಗೆಯುತ್ತಿದ್ದೇನೆ.